ಇಲ್ಲಿ ಬೆಳಗಿನ ಎಂಟು, ಅಲ್ಲಿ ಸಂಜೆ ಐದು

ಮರೆವು ಮನುಷ್ಯನಿಗೆ ಸಿಕ್ಕಿರುವ ಮಹಾ ವರ ಎಂದು ಬಲ್ಲವರು ಹೇಳುತ್ತಾರೆ. ನನಗೆ ಆ ವರ ಕನ್ನಡಕ ಎಲ್ಲಿಟ್ಟೆ, ಒಲೆ ಆರಿಸಿದೆನೋ ಇಲ್ಲವೋ ಎಂಬಷ್ಟರ ಮಟ್ಟಿಗೆ ಮಾತ್ರ ಮಂಜೂರಾಗಿದೆ. ಮಿಕ್ಕದ್ದೆಲ್ಲ ನೆನಪಿದೆ. ಕಳೆದ ವಾರ ಮೊಟ್ಟೆಯ ರಟ್ಟಿನ ಡಬ್ಬವೊಂದು ಸಿಂಕಿನ ಪಕ್ಕದಲ್ಲಿ ನೆನೆದು ಮೆತ್ತಗಾಗಿತ್ತು. ಎತ್ತಿ ಕಸಕ್ಕೆ ಹಾಕಲು ಹೋದೆ. ಆ ಒದ್ದೆ ರಟ್ಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಎಪ್ಪತ್ತನಾಲ್ಕು ವರ್ಷದ ನಾನು ಹನ್ನೆರಡು ಗುಳಿಯ ಒಂದು ಡಬ್ಬವನ್ನು ಎದೆಗೆ ಹಿಡಿದುಕೊಂಡು ಅಡುಗೆಮನೆಯ ನಡುವೆ ಸುಮ್ಮನೆ ನಿಂತುಬಿಟ್ಟೆ...

ಅವರನ್ನು ನಮ್ಮ ಬೀದಿಯವರೆಲ್ಲ ಡಾಕ್ಟರಮ್ಮ ಎನ್ನುತ್ತಿದ್ದರು. ಅಮೆರಿಕದ ಸ್ಯಾನ್ ಡಿಯಾಗೊದ ಕಾರ್ಮೆಲ್ ವ್ಯಾಲಿಯಲ್ಲಿ ನನ್ನ ಮನೆಯ ಎದುರು ಮನೆ ಅವರ ಮಗಳದು. ಮಗಳು ಲಾ ಹೋಯಾದಲ್ಲಿ ಸಂಶೋಧಕಿ. ಡಾಕ್ಟರಮ್ಮ ಹುಟ್ಟಿದ್ದು ಉಡುಪಿ ಕಡೆ. ಆದರೆ ಇಪ್ಪತ್ತಾರು ವರ್ಷ ಬಾಳಿದ್ದು ಆಫ್ರಿಕಾದ ಮಲಾವಿಯಲ್ಲಿ, ಮಣ್ಣುರಸ್ತೆಯ ಕೊನೆಗಿರುವ ಒಂದು ಹಳ್ಳಿ ಆಸ್ಪತ್ರೆಯ ಏಕಮಾತ್ರ ಸರ್ಜನ್ ಆಗಿ. 2020ರ ಮಾರ್ಚಿನಲ್ಲಿ ಮೂರು ವಾರದ ರಜೆಗೆಂದು ಮಗಳ ಮನೆಗೆ ಬಂದರು. ಎರಡನೆಯ ವಾರ ಜಗತ್ತು ಬಾಗಿಲು ಹಾಕಿಕೊಂಡಿತು. ಅವರ ಪೆಟ್ಟಿಗೆಯಲ್ಲಿ ನಾಲ್ಕು ಸೀರೆ, ಎರಡು ಸ್ವೆಟರ್ ಇದ್ದವು.

ನನ್ನ ಯೋಗ್ಯತೆಯನ್ನೂ ಹೇಳಿಬಿಡಬೇಕು. ನಾನು ಬರ್ಬ್ಯಾಂಕಿನ ಸಿನಿಮಾ ಸ್ಟುಡಿಯೊವೊಂದರಲ್ಲಿ ಮೂವತ್ತೊಂದು ವರ್ಷ ಸೆಟ್ಟಿನ ಸಾಮಾನುಗಳ ಉಗ್ರಾಣ ಕಾದವನು. ಚಕ್ರವರ್ತಿಯ ಸಿಂಹಾಸನವಿರಲಿ, ರಿಂಗಾಗದ ಟೆಲಿಫೋನಿರಲಿ, ಹೊಸ್ತಿಲು ದಾಟಬೇಕಾದರೆ ಮೂರು ಪ್ರತಿಗಳ ಫಾರ್ಮು, ಅದರ ಮೇಲೆ ನನ್ನ ಸಹಿ. ಹೆಂಡತಿ ತೀರಿಕೊಂಡ ಮೇಲೆ ತಂಗಿಯ ಮನೆಗೆ ಹತ್ತಿರವಾಗಲೆಂದು ಸ್ಯಾನ್ ಡಿಯಾಗೊಗೆ ಬಂದೆ. ಇಲ್ಲಿನ ನಮ್ಮವರ ನಡುವೆ ಫಾರ್ಮು ತುಂಬುವ ಅಂಕಲ್ ಎಂದು ನನಗೆ ಹೆಸರಾಯಿತು. ಕೋಡಿಂಗ್ ಮಾಡಿ ಉಪಗ್ರಹಗಳನ್ನೇ ಮಾತಾಡಿಸುವ ಹುಡುಗರು ವೀಸಾ ಅರ್ಜಿಯ ಮುಂದೆ ಬೆವರುತ್ತಿದ್ದರು. ನಾನು ಕಪ್ಪು ಶಾಯಿಯ ಪೆನ್ನು ತೆಗೆಯುತ್ತಿದ್ದೆ. ನನ್ನ ಕೈಯಿಂದ ಹೋದ ಒಂದೇ ಒಂದು ಅರ್ಜಿಯೂ ಅದುವರೆಗೆ ವಾಪಸ್ಸು ಬಂದಿರಲಿಲ್ಲ. ಅದರ ಬಗ್ಗೆ ನನಗೆ ಅಹಂಕಾರವೇನೂ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಡಾಕ್ಟರಮ್ಮ ನನ್ನನ್ನು ಮೊದಲ ಸಲ ಮಾತಾಡಿಸಿದ್ದು ಅರ್ಜಿಗಾಗಿ ಅಲ್ಲ. ಮಾಸ್ಕ್ ಹಾಕಿಕೊಂಡು ಬೀದಿಯ ಆ ಬದಿಯಿಂದ ಕೂಗಿದರು: "ಹೋಯ್, ನಿಮ್ಮ ಹತ್ರ ಮೊಟ್ಟೆ ಡಬ್ಬ ಉಂಟಾ? ಮೂರು ಬೇಕಿತ್ತು. ಮೊಟ್ಟೆ ಬೇಡ ಮಾರಾಯ್ರೆ, ಡಬ್ಬ ಮಾತ್ರ."

ಬೇಕಾದದ್ದು ಬಾವೊ ಎಂಬ ಆಟಕ್ಕೆ. ನಮ್ಮ ಕರಾವಳಿಯ ಚೆನ್ನೆಮಣೆಗೆ ದೊಡ್ಡಪ್ಪನಂಥದ್ದು ಎಂದು ಅವರೇ ಹೇಳಿದರು: ನಾಲ್ಕು ಸಾಲು, ಸಾಲಿಗೆ ಎಂಟು ಗುಳಿ, ಅರವತ್ತನಾಲ್ಕು ಕಾಳು, ಗುಳಿಯಿಂದ ಎತ್ತುವುದು, ಒಂದೊಂದೇ ಹಂಚಿಕೊಂಡು ಹೋಗುವುದು, ಎದುರಿನವರದನ್ನು ಹೊಡೆಯುವುದು. ಎರಡು ಡಬ್ಬ ಇಡಿಯಾಗಿ, ಮೂರನೆಯದನ್ನು ಕತ್ತರಿಸಿ ಎರಡು ತುಂಡು ಪಕ್ಕಕ್ಕೆ ಅಂಟಿಸಿದೆ. ಉಗ್ರಾಣದ ಅಂಟು ನನ್ನ ಬಳಿ ಇನ್ನೂ ಇತ್ತು. ಕಾಳಿನ ಜಾಗಕ್ಕೆ ಕಾಬೂಲಿ ಕಡಲೆ ಬಂತು. ಎದುರಾಳಿ ಇದ್ದದ್ದು ಮಾತ್ರ ಮಲಾವಿಯಲ್ಲಿ.

ಆತ ಅಲ್ಲಿನ ಕ್ಲಿನಿಕಲ್ ಆಫೀಸರ್. ಪೂರ್ತಿ ಡಾಕ್ಟರಲ್ಲ, ಆದರೆ ಡಾಕ್ಟರಮ್ಮ ಹದಿನಾಲ್ಕು ವರ್ಷ ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸಿದ್ದರಿಂದ ಸಿಸೇರಿಯನ್ ಮಾಡಬಲ್ಲ, ಹರ್ನಿಯಾ ಮಾಡಬಲ್ಲ, ಮುರಿದ ಕಾಲು ಕೂರಿಸಬಲ್ಲ. ನಮ್ಮಲ್ಲಿ ಬೆಳಗಿನ ಎಂಟಾದಾಗ ಅಲ್ಲಿ ಸಂಜೆ ಐದು. ಸರಿಯಾಗಿ ಎಂಟಕ್ಕೆ ಡಾಕ್ಟರಮ್ಮನ ಫೋನು ಬಡಿದುಕೊಳ್ಳುತ್ತಿತ್ತು. ಮಗಳ ಗರಾಜಿನ ಬಾಗಿಲು ಮೇಲಕ್ಕೆತ್ತಿ, ಎರಡು ಮಡಿಸುವ ಕುರ್ಚಿ ಹಾಕಿ, ನಡುವೆ ಇಸ್ತ್ರಿ ಮೇಜಿನ ಮೇಲೆ ಡಬ್ಬ ಇಟ್ಟು, ಸ್ಪೀಕರ್ ಆನ್ ಮಾಡುತ್ತಿದ್ದರು. ಅಲ್ಲಿಂದ ಆತ ಇಂಗ್ಲಿಷಿನಲ್ಲಿ ಗುಳಿಯ ನಂಬರು ಹೇಳಬೇಕು, ಇಲ್ಲಿ ನಾನು ಆತನ ಪರವಾಗಿ ಕಡಲೆ ಹಂಚಬೇಕು. ಹೀಗೆ ನಾನು ಜೀವಮಾನದಲ್ಲಿ ನೋಡದ ಒಬ್ಬ ಮನುಷ್ಯನ ಬಲಗೈಯಾಗಿ ಒಂದೂವರೆ ವರ್ಷ ಸೇವೆ ಸಲ್ಲಿಸಿದೆ. ತಪ್ಪು ಗುಳಿಗೆ ಹಾಕಿದರೆ ಅಲ್ಲಿಂದ ಬೈಗುಳ ಬರುತ್ತಿರಲಿಲ್ಲ, ನಿಟ್ಟುಸಿರು ಬರುತ್ತಿತ್ತು.

ಒಂದು ಕಟ್ಟಳೆ ಇತ್ತು. ಆಟ ಮುಗಿಯುವ ತನಕ ರೋಗಿಯ ಮಾತು ಎತ್ತುವಂತಿಲ್ಲ. ಅದು ಆ ಆಸ್ಪತ್ರೆಯಲ್ಲೇ ಹುಟ್ಟಿದ ಪದ್ಧತಿ. ಅಲ್ಲಿ ಆಪರೇಷನ್ನಿನ ಕತ್ತರಿ, ಚಿಮ್ಮಟಗಳು ಇದ್ದದ್ದು ಒಂದೇ ಸೆಟ್ಟು. ಒಂದು ಆಪರೇಷನ್ ಮುಗಿದರೆ ಅವನ್ನೆಲ್ಲ ತೊಳೆದು ದೊಡ್ಡ ಕುಕ್ಕರಿನಂಥ ಆಟೋಕ್ಲೇವಿಗೆ ಹಾಕಿ ಇದ್ದಿಲ ಒಲೆಯ ಮೇಲೆ ಕೂರಿಸಬೇಕು. ಉಗಿ ಏರಿ, ನಿಂತು, ಆರುವ ತನಕ ಮುಕ್ಕಾಲು ಗಂಟೆ ಯಾರೂ ಏನೂ ಮಾಡುವಂತಿಲ್ಲ. ಆ ಮುಕ್ಕಾಲು ಗಂಟೆಯಲ್ಲಿ ಥಿಯೇಟರಿನ ಹಿಂದಿನ ಮಾವಿನ ಮರದ ಕೆಳಗೆ ಬಾವೊ. "ಆಗ ಮುಂದಿನ ಕೇಸಿನ ಯೋಚನೆ ಮಾಡಿದ್ರೆ ಕೈ ನಡುಗ್ತದೆ," ಅಂದರು ಡಾಕ್ಟರಮ್ಮ. "ಕಾಳು ಲೆಕ್ಕ ಹಾಕ್ತಾ ಕೂತ್ರೆ ಕೈಗೆ ಬುದ್ಧಿ ಬರ್ತದೆ. ಆಟೋಕ್ಲೇವ್ ಆರಿತು ಅಂದ ಕೂಡ್ಲೆ ಎದ್ದು ಹೋಗುದು. ಗೆದ್ದವರೂ ಹೋಗುದು, ಸೋತವರೂ ಹೋಗುದು."

ಆಟದ ನಡುವೆ ಅವರು ಹೇಳುತ್ತಿದ್ದ ಆ ಊರಿನ ದಿನಚರಿ ಈಗ ನನ್ನದೇ ಹಳೆಯ ದಿನಚರಿಯಂತೆ ಅನ್ನಿಸುತ್ತದೆ. ಬೆಳಿಗ್ಗೆ ಏಳಕ್ಕೆ ನರ್ಸುಗಳು ಅಂಗಳದಲ್ಲಿ ನಿಂತು ಹಾಡುವುದು. ರೋಗಿಗೆ ಅಡುಗೆ ಮಾಡಿಹಾಕಲು ಬಂದ ಮನೆಯವರು ಹಿತ್ತಿಲ ಚಪ್ಪರದಲ್ಲಿ ಒಲೆ ಹೂಡಿ, ಆ ಹೊಗೆ ಹೆರಿಗೆ ವಾರ್ಡಿಗೆ ನುಗ್ಗುವುದು. ಮಕ್ಕಳ ವಾರ್ಡಿಗೆ ದಿನವೂ ರೌಂಡ್ಸ್ ಬರುವ ಒಂದು ಆಡು. ಅದು ಕೇಸ್ ಶೀಟುಗಳನ್ನು ತಿನ್ನುತ್ತದೆಂದು ಎಲ್ಲ ಶೀಟುಗಳೂ ಆಳೆತ್ತರದ ಮೊಳೆಗೆ ಏರಿದ್ದು. ಶನಿವಾರ ಮಧ್ಯಾಹ್ನ ನರ್ಸುಗಳಿಗೂ ಸಂತೆಯ ಹೆಂಗಸರಿಗೂ ನೆಟ್‌ಬಾಲ್ ಪಂದ್ಯ, ಡಾಕ್ಟರಮ್ಮ ಅಂಪೈರ್. ಒಮ್ಮೆ ಸಂತೆಯವರ ಪರವಾಗಿ ತೀರ್ಪು ಕೊಟ್ಟರೆಂದು ಅವರದೇ ಹೆಡ್ ನರ್ಸ್ ಸೋಮವಾರದ ಆಪರೇಷನ್ನಿನಲ್ಲಿ ಕೇಳಿದ ಕತ್ತರಿ ಬಿಟ್ಟು ಬೇರೆಲ್ಲ ಕತ್ತರಿ ಕೊಟ್ಟಳಂತೆ. ಭಾನುವಾರ ಸಂಜೆ ಸರೋವರದ ಪುಟ್ಟ ಮೀನನ್ನು ಒಣಗಿಸಿ ಹುರಿದು, ಜೊತೆಗೆ ತೆಂಗಿನಕಾಯಿ ಇಲ್ಲದ ದುಃಖದಲ್ಲಿ ಕಡಲೆಕಾಯಿ ಅರೆದು ಹಾಕಿದ ಸಾರು. "ನಮ್ಮ ನೆತ್ತೋಲಿಯ ತಂಗಿ," ಎನ್ನುತ್ತಿದ್ದರು. ಮಗಳ ಮನೆಯಲ್ಲಿ ಒಣಮೀನಿಗೆ ನಿಷೇಧವಿತ್ತು, ಎಚ್‌ಓಎ ಎಂಬ ಬಡಾವಣೆಯ ಸಂಘಕ್ಕೆ ಕಂಪ್ಲೇಂಟ್ ಹೋಗುತ್ತದೆಂದು.

ಎಂಟು ವರ್ಷದ ಮೊಮ್ಮಗಳು ಒಮ್ಮೊಮ್ಮೆ ಬಂದು ನಿಲ್ಲುತ್ತಿದ್ದಳು. "ಅಜ್ಜಿ, ಯು ಮೂವ್ಡ್ ಟೂ ಮೆನಿ," ಎಂದು ಒಂದು ದಿನ ಹಿಡಿದುಬಿಟ್ಟಳು.

"ಬಾಯಿ ಮುಚ್ಚು. ಅವನಿಗೆ ಕೇಳ್ತದೆ," ಎಂದರು ಡಾಕ್ಟರಮ್ಮ ಕನ್ನಡದಲ್ಲಿ.

ಒಂಬತ್ತು ಗಂಟೆಯ ಅಂತರದಿಂದ ಆತ ನಕ್ಕ. ಕನ್ನಡ ಬಾರದಿದ್ದರೂ ಆ ಧ್ವನಿ ಹದಿನಾಲ್ಕು ವರ್ಷದಿಂದ ಗೊತ್ತಿತ್ತು.

ಆಟ ಮುಗಿದ ಮೇಲೆ ಇಬ್ಬರ ಧ್ವನಿಯೂ ಬದಲಾಗುತ್ತಿತ್ತು. ಹೊಟ್ಟೆಯಲ್ಲಿ ಮಗು ಅಡ್ಡ ಇದೆ, ರಕ್ತ ಒಂದೇ ಬಾಟಲಿ ಇದೆ, ಏನು ಮಾಡಲಿ... ನಾನು ಎದ್ದು ಹೋಗಿ ಅವರ ಹುಲ್ಲಿಗೆ ನೀರು ಬಿಡುತ್ತಿದ್ದೆ.

ಅವರು ಮರಳಿ ಹೋಗಲೇಬೇಕಾದ ಕಾರಣ ಸರಳವಾಗಿತ್ತು. ಆಸ್ಪತ್ರೆ ನಡೆಸುತ್ತಿದ್ದ ಚರ್ಚಿನ ಸಮಿತಿಯ ನಿಯಮದಂತೆ ಡಾಕ್ಟರಿಲ್ಲದ ಕಡೆ ಆಪರೇಷನ್ ಥಿಯೇಟರ್ ಇಡುವಂತಿಲ್ಲ. ಡಾಕ್ಟರಮ್ಮ ಬರುತ್ತಾರೆ ಎಂಬ ಮಾತಿನ ಮೇಲೆ 2021ರ ಮಳೆ ಹಿಡಿಯುವ ತನಕ ಅವಕಾಶ ಕೊಟ್ಟಿದ್ದರು. ನವೆಂಬರಿನಲ್ಲಿ ಮಳೆ. ಮಳೆ ಬಂದರೆ ಅರವತ್ತು ಕಿಲೋಮೀಟರ್ ದೂರದ ಜಿಲ್ಲಾ ಆಸ್ಪತ್ರೆಗೆ ದಾರಿಯೇ ಇರುವುದಿಲ್ಲ.

ಈ ನಡುವೆ ಮಗಳು ಅಮ್ಮನಿಗೆ ಗ್ರೀನ್ ಕಾರ್ಡ್ ಅಪ್ಲೈ ಮಾಡೋಣ ಎಂದಳು. ವಿಸಿಟರ್ ವೀಸಾದ ಅವಧಿ ಮುಗಿಯುತ್ತ ಬಂದಿತ್ತು. ಕಾರ್ಡ್ ಬಂದರೆ ಅಮ್ಮ ಬೇಕಾದಾಗ ಹೋಗಿ ಬರಬಹುದು ಎಂಬುದು ಅವಳ ಲೆಕ್ಕ. ಕಾಗದಗಳು ಸಹಜವಾಗಿ ನನ್ನ ಮೇಜಿಗೆ ಬಂದವು. ಎರಡು ವಾರ ಕೂತು ತುಂಬಿದೆ. ಆ ಕಟ್ಟಿನಲ್ಲಿ ಇನ್ನೊಂದು ಪುಟ್ಟ ಫಾರ್ಮು ಇತ್ತು: ಅರ್ಜಿ ವಿಚಾರಣೆಯಲ್ಲಿರುವಾಗ ದೇಶ ಬಿಟ್ಟು ಹೋಗಿ ಬರಲು ಅನುಮತಿ ಕೇಳುವಂಥದ್ದು. ಅದಿಲ್ಲದೆ ಹೊರಗೆ ಕಾಲಿಟ್ಟರೆ ಅರ್ಜಿ ಬಿಟ್ಟುಕೊಟ್ಟಂತೆ. ನಾನು ಅದನ್ನು ಓದಿದೆ. ಆಕಾಶದಲ್ಲಿ ಒಂದು ವಿಮಾನವೂ ಇಲ್ಲದ ಕಾಲ. ಯಾರು ಎಲ್ಲಿಗೆ ಹೋಗುತ್ತಾರೆ, ಆಮೇಲೆ ಹಾಕಿದರಾಯಿತು ಎಂದುಕೊಂಡೆ. ಮೂವತ್ತೊಂದು ವರ್ಷ ಪ್ಲಾಸ್ಟಿಕ್ ಕಿರೀಟಕ್ಕೂ ಮೂರು ಪ್ರತಿ ಕೇಳಿದ ಮನುಷ್ಯ ಜೀವನದಲ್ಲಿ ತುಂಬದೆ ಬಿಟ್ಟ ಏಕೈಕ ಫಾರ್ಮು ಅದು. ಆಮೇಲೆ ಹಾಕುವುದನ್ನೂ ಮರೆತೆ.

ಬೆಳಗಿನ ಎಂಟರ ಆಟ ನಿಂತುಹೋಗಬಾರದೆಂದು ಬೇಕಂತಲೇ ಬಿಟ್ಟೆನೇ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಇಲ್ಲ. ಆದರೆ ಕೇಳಿಕೊಳ್ಳಬೇಕಾಗಿ ಬಂತು...

2021ರ ಏಪ್ರಿಲ್ಲಿನಲ್ಲಿ ಲಸಿಕೆಯಾಗಿ, ವಿಮಾನಗಳು ಮತ್ತೆ ಹಾರಾಡತೊಡಗಿ, ಲಾಸ್ ಏಂಜಲೀಸಿನಿಂದ ಟಿಕೆಟ್ ಆಯಿತು. ಮಗಳು ಎರಡನೆಯ ಬಸುರಿ, ಜುಲೈಯಲ್ಲಿ ದಿನ. ಡಾಕ್ಟರಮ್ಮನ ಯೋಜನೆ ಹೀಗಿತ್ತು: ಈಗ ಹೋಗಿ ಎರಡು ತಿಂಗಳು ಥಿಯೇಟರ್ ನಡೆಸುವುದು, ಜೂನ್ ಕೊನೆಗೆ ಬಂದು ಬಾಣಂತನ ಮುಗಿಸುವುದು, ಮಳೆಗೆ ಮುಂಚೆ ಮತ್ತೆ ಅಲ್ಲಿ. ಅಳಿಯನಿಗೆ ಮೀಟಿಂಗ್ ಇದ್ದದ್ದರಿಂದ ನಾನೇ ಡ್ರೈವ್ ಮಾಡಿದೆ. ಹಿಂದಿನ ಸೀಟಿನಲ್ಲಿ ಎರಡು ಪೆಟ್ಟಿಗೆ ತುಂಬ ಹೊಲಿಗೆ ದಾರ, ಕೈಗವಸು, ಮತ್ತು ಗಾಳಿ ತೆಗೆದು ಮಡಿಸಿದ ಎರಡು ಹೊಸ ನೆಟ್‌ಬಾಲ್. ದಾರಿಯುದ್ದಕ್ಕೂ ಅವರು ಮಾತಾಡಿದ್ದು ಆಡಿನ ವಿಷಯ. ಅದು ಇನ್ನೂ ಇದೆಯೋ ಇಲ್ಲವೋ ಎಂದು.

ಸಮಯ ಧಾರಾಳವಾಗಿತ್ತು. ದಾರಿಯಲ್ಲಿ ಆರ್ಟೀಸಿಯಾ ಎಂಬ ಊರಿನಲ್ಲಿ ನಮ್ಮವರ ಹೋಟೆಲೊಂದರ ಹೊರಗೆ ಹಾಕಿದ್ದ ಮೇಜಿಗೆ ಕೂತು ಮಸಾಲೆ ದೋಸೆ ಹೇಳಿದೆವು. ದೋಸೆ ಬರುವ ಮೊದಲು ಮಗಳ ಫೋನು ಬಂತು, ಡಾಕ್ಟರಮ್ಮ ಸ್ಪೀಕರಿಗೆ ಹಾಕಿದರು. ಅವಳ ಆಫೀಸಿನಲ್ಲಿ ಯಾರೋ ತಿಳಿದವರು ಕೇಳಿದ್ದರಂತೆ, ಅಮ್ಮನಿಗೆ ಟ್ರಾವೆಲ್ ಪರ್ಮಿಟ್ ಇದೆ ತಾನೆ ಎಂದು.

"ಅಂಕಲ್, ಅದು ನೀವು ಹಾಕಿದ್ರಿ ಅಲ್ವಾ?"

ನಾನು ನೀರಿನ ಲೋಟವನ್ನು ಮೇಜಿನ ಮೇಲೆ ಬಹಳ ಜಾಗ್ರತೆಯಾಗಿ ಇಟ್ಟೆ. "ಇಲ್ಲಮ್ಮ," ಎಂದೆ.

ಆ ಕಡೆ ಅಳು ಶುರುವಾಯಿತು. "ಅಮ್ಮ, ಈಗ ಹೋದ್ರೆ ಜುಲೈಗೆ ಬರಕ್ಕಾಗಲ್ಲ. ಅಪ್ಲಿಕೇಶನ್ ಕ್ಯಾನ್ಸಲ್ ಆಗತ್ತೆ. ಮೊದಲನೇದಕ್ಕೂ ನೀನು ಬರಲಿಲ್ಲ ಅಮ್ಮ. ಊರವರ ಮಕ್ಕಳನ್ನೆಲ್ಲ ಹೆರಿಗೆ ಮಾಡಿಸ್ದೆ, ನನ್ನ ಹೆರಿಗೆಗೆ ಫೋನ್ ಮಾಡ್ದೆ."

ಅದು ನಿಜವಾಗಿತ್ತು. ಎಂಟು ವರ್ಷದ ಹಿಂದೆ ಮಗಳು ಇಲ್ಲಿ ನೋವು ತಿನ್ನುತ್ತಿದ್ದಾಗ ಅವರು ಅಲ್ಲಿ ಬೇರೆ ಯಾರದೋ ಹೊಟ್ಟೆ ಕೊಯ್ಯುತ್ತಿದ್ದರು. ಡಾಕ್ಟರಮ್ಮ ಫೋನು ಮುಚ್ಚಿಟ್ಟು ದೋಸೆಯನ್ನು ಪೂರ್ತಿ ತಿಂದರು. ಚಟ್ನಿ ಇನ್ನೊಮ್ಮೆ ಹಾಕಿಸಿಕೊಂಡರು. ನನ್ನದು ತಟ್ಟೆಯಲ್ಲೇ ಆರಿತು.

"ಎಷ್ಟು ದಿನ ಬೇಕು ಆ ಪರ್ಮಿಟ್‌ಗೆ?"

"ಮೂರು ತಿಂಗಳು ಅಂತ ಬರೆದಿದ್ದಾರೆ."

"ಹಾಗಾದ್ರೆ ಹೆರಿಗೆ ಮುಗಿಸಿಯೇ ಹೋಗುವ. ಮಳೆಗೆ ಇನ್ನೂ ದಿನ ಉಂಟು." ಕೈ ತೊಳೆದು ಬಂದು, ನನ್ನ ಮುಖ ನೋಡಿ ಹೇಳಿದರು: "ನೀವು ಪುಣ್ಯಕ್ಕೆ ಸರ್ಜನ್ ಆಗ್ಲಿಲ್ಲ ಮಾರಾಯ್ರೆ. ಹೊಟ್ಟೆಯೊಳಗೆ ಕತ್ತರಿ ಬಿಟ್ಟು ಹೊಲೀತಿದ್ರಿ."

ಅವರು ಆ ವಿಷಯದಲ್ಲಿ ನನಗೆ ಆಡಿದ ಮಾತು ಅದೊಂದೇ. ವಿಮಾನ ನಿಲ್ದಾಣ ಮುಕ್ಕಾಲು ಗಂಟೆ ದೂರವಿತ್ತು. ನಾನು ಕಾರನ್ನು ದಕ್ಷಿಣಕ್ಕೆ, ಮನೆಯತ್ತ ತಿರುಗಿಸಿದೆ.

ಆ ಪುಟ್ಟ ಫಾರ್ಮನ್ನು ಮರುದಿನವೇ ಕಳುಹಿಸಿದೆ, ನನ್ನ ಅಚ್ಚುಕಟ್ಟಾದ ಅಕ್ಷರಗಳಲ್ಲಿ. ಜುಲೈಯಲ್ಲಿ ಮೊಮ್ಮಗ ಹುಟ್ಟಿದ. ಇಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮನಿಗೆ ಹೆರಿಗೆ ಕೋಣೆಯ ಮೂಲೆಯ ಕುರ್ಚಿಯೊಂದನ್ನು ತೋರಿಸಿ, ಏನನ್ನೂ ಮುಟ್ಟಬೇಡಿ ಎಂದು ವಿನಯದಿಂದ ಹೇಳಿದರಂತೆ. ಮೂರು ತಿಂಗಳು ಕಳೆದು ನಾಲ್ಕಾಯಿತು, ಐದಾಯಿತು. ವೆಬ್‌ಸೈಟಿನ ಪ್ರಕಾರ ಪರ್ಮಿಟ್ ಯಾವಾಗಲೂ ಮುಂದಿನ ತಿಂಗಳು ಬರುವುದಿತ್ತು. ನಾನು ದಿನಕ್ಕೆ ಎರಡು ಸಲ ಅದನ್ನು ತೆರೆದು ನೋಡುತ್ತಿದ್ದೆ. ಪೆಟ್ಟಿಗೆಗಳು ಗರಾಜಿನ ಗೋಡೆಗೆ ಒರಗಿಕೊಂಡೇ ಇದ್ದವು. ಎಂಟರ ಆಟ ಅವುಗಳ ಪಕ್ಕದಲ್ಲೇ ನಡೆಯಿತು. ಆತ ಕೇಳುತ್ತಿದ್ದದ್ದು ಒಂದೇ, "ಯಾವಾಗ, ಅಮ್ಮಾ?" ಅಲ್ಲಿನ ಭಾಷೆಯಲ್ಲಿಯೂ ತಾಯಿಗೆ ಹತ್ತಿರಹತ್ತಿರ ಅಂಥದ್ದೇ ಮಾತಿದೆಯಂತೆ. ಇವರು "ಮುಂದಿನ ತಿಂಗಳು" ಎನ್ನುತ್ತಿದ್ದರು.

ಅಕ್ಟೋಬರಿನಲ್ಲಿ ಒಂದು ದಿನ ಮಗುವಿಗೆ ಎಣ್ಣೆ ಹಚ್ಚುತ್ತ ಮಗಳಿಗೆ ಹೇಳಿಯೇಬಿಟ್ಟರು: "ಕಾಗದ ಬರ್ಲಿ, ಬರದೇ ಇರ್ಲಿ, ನಾನು ಹೊರಟೆ. ಮತ್ತೆ ಬರ್ಲಿಕ್ಕೆ ಆಗದಿದ್ರೆ ನೀವೇ ಅಲ್ಲಿಗೆ ಬನ್ನಿ. ಅಲ್ಲಿಯೂ ಮನುಷ್ಯರೇ ಇರುದು." ಮಗಳು ಈ ಸಲ ಅಳಲಿಲ್ಲ. ನವೆಂಬರ್ ನಡುವಿಗೆ ಟಿಕೆಟ್ ಮಾಡಿಸಿದಳು. ಆ ವಾರ ಡಾಕ್ಟರಮ್ಮ ಮೂರು ಆಟ ಗೆದ್ದರು, ಒಂದನ್ನು ಮಾತ್ರ ಮೋಸದಿಂದ.

ನವೆಂಬರಿನ ಮೊದಲ ವಾರಾಂತ್ಯ ಇಲ್ಲಿನ ಗಡಿಯಾರಗಳು ಒಂದು ಗಂಟೆ ಹಿಂದೆ ಹೋದವು. ಸೋಮವಾರ ಫೋನು ಏಳಕ್ಕೇ ಬಂತು, ಅಲ್ಲಿ ಐದೇ. ಚಳಿಗೆ ನಾನು ಶಾಲು ಹೊದ್ದು ಕೂತಿದ್ದೆ. ಆಟ ಶುರುವಾಯಿತು. ಹತ್ತು ನಿಮಿಷದಲ್ಲಿ ಆತನಿಗೆ ಗೆಲ್ಲುವ ಒಳ್ಳೆಯ ಅವಕಾಶ ಬಂತು. ನನ್ನಂಥ ದಡ್ಡನಿಗೂ ಕಂಡಿತು. ಆತ ಅದನ್ನು ಬಿಟ್ಟು ಮೂಲೆಯ ಗುಳಿಯ ನಂಬರು ಹೇಳಿದ. ಹಂಚಿದೆ. ಮತ್ತೆ ಅವಕಾಶ ಬಂತು, ಮತ್ತೆ ಬಿಟ್ಟ. ಸೋಲುವ ಆಟವನ್ನೂ ಆಡಲಿಲ್ಲ. ಯಾರೂ ಗೆಲ್ಲದಂತೆ, ಯಾರೂ ಸೋಲದಂತೆ, ಕಾಳುಗಳು ಸುತ್ತುತ್ತಲೇ ಇರುವಂತೆ ಆಡಿದ. ಅರ್ಧ ಗಂಟೆ, ಮುಕ್ಕಾಲು ಗಂಟೆ, ಒಂದು ಗಂಟೆ ಕಳೆಯಿತು. ಡಾಕ್ಟರಮ್ಮನ ಮುಖದಲ್ಲಿ ಏನೋ ನಿಧಾನವಾಗಿ ಇಳಿಯುತ್ತ ಹೋಯಿತು.

ಅವರು ಫೋನಿಗೆ ಕೇಳದಂತೆ ನನಗೆ ಹೇಳಿದರು: "ಇವ ಆಟ ಎಳೀತಿದ್ದಾನೆ. ಮುಗಿದ್ರೆ ಹೇಳ್ಬೇಕಾಗ್ತದೆ ಅಂತ."

ಆಮೇಲೆ ತಮ್ಮ ಕಡೆಯ ಗುಳಿಯೊಂದರಿಂದ ಕಾಳೆತ್ತಿ ಬೇಕೆಂದೇ ತಪ್ಪು ನಡೆ ನಡೆದರು. ಆತ ಗೆಲ್ಲುವ ಗುಳಿಯ ನಂಬರನ್ನು ಕೊನೆಗೂ ಹೇಳಿದ. ನಾನು ಆತನ ಪರವಾಗಿ ಹದಿನೇಳು ಕಡಲೆ ಹೊಡೆದೆ. ಆಟ ಮುಗಿಯಿತು.

ಹಿಂದಿನ ಶುಕ್ರವಾರ ಸಮಿತಿಯ ಲಾರಿ ಬಂದಿತ್ತು. ಮಳೆ ಈ ಸಲ ಎರಡು ವಾರ ಮೊದಲೇ ಬರುವ ಲಕ್ಷಣವಿದ್ದದ್ದರಿಂದ, ರಸ್ತೆ ಇರುವಾಗಲೇ ಎಂದು ಆಪರೇಷನ್ ಮೇಜು, ದೀಪ, ಅರಿವಳಿಕೆಯ ಯಂತ್ರ, ಆಟೋಕ್ಲೇವ್ ಎಲ್ಲವನ್ನೂ ಜಿಲ್ಲಾ ಆಸ್ಪತ್ರೆಗೆ ಸಾಗಿಸಿದ್ದರು. ಆತನಿಗೂ ಅಲ್ಲಿಗೇ ವರ್ಗ. ಡಾಕ್ಟರಮ್ಮ ಹದಿನೈದನೇ ತಾರೀಕಿಗೆ ಬರುತ್ತಾರೆ ಎಂದು ಹೇಳಿದನಂತೆ. ಹಿಂದೆಯೂ ಹೀಗೇ ಹೇಳಿದ್ದಿರಲ್ಲ ಎಂದರಂತೆ ಸಮಿತಿಯವರು. ಭಾನುವಾರ ಮುಂಜಾನೆ, ಮೂರು ದಿನದಿಂದ ನೋವು ತಿನ್ನುತ್ತಿದ್ದ ಒಬ್ಬ ಹುಡುಗಿಯನ್ನು ಎತ್ತಿನ ಗಾಡಿಯಲ್ಲಿ ತಂದರು. ಆತನ ಕೈ ಇತ್ತು, ಕತ್ತರಿ ಇರಲಿಲ್ಲ. ಗಾಡಿ ಜಿಲ್ಲಾ ಆಸ್ಪತ್ರೆಯ ಕಡೆ ಹೊರಟಿತು... ಅರ್ಧ ದಾರಿಯಿಂದ, ಇನ್ನು ಅವಸರವಿಲ್ಲದೆ, ಹಿಂದಕ್ಕೆ ಬಂತು.

ಡಾಕ್ಟರಮ್ಮ ಎಲ್ಲವನ್ನೂ ಕೇಳಿ, ಹುಡುಗಿಯ ವಯಸ್ಸು ಕೇಳಿದರು. ಎಷ್ಟನೆಯ ಹೆರಿಗೆ ಎಂದು ಕೇಳಿದರು. "ನಿನ್ನ ತಪ್ಪಿಲ್ಲ," ಎಂದು ಇಂಗ್ಲಿಷಿನಲ್ಲಿ ಎರಡು ಸಲ ಹೇಳಿ ಫೋನಿಟ್ಟರು. ನಾನು ಅಂದು ಹುಲ್ಲಿಗೆ ನೀರು ಬಿಡಲು ಎದ್ದಿರಲಿಲ್ಲ. ಅಲ್ಲೇ ಕೂತಿದ್ದೆ. ನನಗೆ ಅವರು ಅದೇ ಮಾತನ್ನು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಟಿಕೆಟ್ ಕ್ಯಾನ್ಸಲ್ ಮಾಡಿಸಿದರು. ಪರ್ಮಿಟ್ ಜನವರಿಯಲ್ಲಿ ಬಂತು, ಒಂದು ಅಕ್ಷರವೂ ತಪ್ಪಿಲ್ಲದೆ. ಒಮ್ಮೆ ಹೋಗಿ ಎಲ್ಲರನ್ನೂ ನೋಡಿಕೊಂಡಾದರೂ ಬನ್ನಿ ಎಂದೆ. "ನೋಡ್ಲಿಕ್ಕೆ ಹೋಗುದಾ? ನಾನೆಂತ ಟೂರಿಸ್ಟಾ?" ಎಂದರು. ಸಮಿತಿಗೆ ಬರೆದರು; ಅರವತ್ತೆಂಟು ದಾಟಿದವರನ್ನು ಮತ್ತೆ ನೇಮಿಸಿಕೊಳ್ಳುವುದಿಲ್ಲವೆಂದು, ಇಪ್ಪತ್ತಾರು ವರ್ಷದ ಸೇವೆಗೆ ಕೃತಜ್ಞತೆಗಳೆಂದು ಉತ್ತರ ಬಂತು. ಆತ ಜಿಲ್ಲಾ ಆಸ್ಪತ್ರೆಯಿಂದ ಕೆಲವು ತಿಂಗಳು ಫೋನು ಮಾಡಿದ. ಅಲ್ಲಿ ಕತ್ತರಿಗಳ ಆರು ಸೆಟ್ಟು ಇದ್ದವು, ಕಾಯುವ ಹೊತ್ತೇ ಇರಲಿಲ್ಲ. ಆಟವಿಲ್ಲದೆ ಮಾತಾಡುವುದು ಇಬ್ಬರಿಗೂ ಬರಲಿಲ್ಲ. ಕರೆಗಳು ತಾವಾಗಿಯೇ ಕಡಿಮೆಯಾದವು.

ಡಾಕ್ಟರಮ್ಮ ಮೊಮ್ಮಗಳನ್ನು ಸ್ಕೂಲಿಗೆ, ಈಜಿಗೆ ಬಿಡುವ ಕಾರುಗಳ ಹಿಂದಿನ ಸೀಟಿನಲ್ಲಿ ಕೂತು ಒಂದೂವರೆ ವರ್ಷ ಕಳೆದರು. ಯಾರಾದರೂ ಆಂಟಿ ನೀವೂ ಡಾಕ್ಟರಾಗಿದ್ದಿರಂತೆ ಎಂದರೆ, "ಹೌದು, ಹಿಂದೆ," ಎನ್ನುತ್ತಿದ್ದರು. 2023ರಲ್ಲಿ ಕಣ್ಣು ಹಳದಿಯಾದವು. ಇಲ್ಲಿನವರು ಸ್ಕ್ಯಾನ್ ಬರೆಯುವ ಮೊದಲೇ ತಮ್ಮ ಹೊಟ್ಟೆಯನ್ನು ತಾವೇ ಒತ್ತಿ ನೋಡಿಕೊಂಡು, ಪಿತ್ತಕೋಶದ ಕ್ಯಾನ್ಸರ್, ಆರು ವಾರ ಎಂದರು. ಏಳು ವಾರವಾಯಿತು. ಗ್ರೀನ್ ಕಾರ್ಡ್ ಐದನೆಯ ವಾರ ಬಂತು.

ಅವರ ಮಗಳು ಈಗಲೂ ಎದುರು ಮನೆಯಲ್ಲಿದ್ದಾಳೆ. ನನ್ನನ್ನು ಕಂಡರೆ ಕೈ ಬೀಸುತ್ತಾಳೆ, ಹಬ್ಬಕ್ಕೆ ಪಾಯಸ ಕಳಿಸುತ್ತಾಳೆ, ಯಾವ ಕಾಗದವನ್ನೂ ಕಳಿಸುವುದಿಲ್ಲ. ನಾನೂ ಫಾರ್ಮು ತುಂಬುವುದನ್ನು ನಿಲ್ಲಿಸಿದ್ದೇನೆ. ಕಣ್ಣು ಮಂಜೆಂದು ಹೇಳುತ್ತೇನೆ. ಕ್ಲಿನಿಕಲ್ ಆಫೀಸರ್ ವರ್ಷಕ್ಕೊಮ್ಮೆ, ಅವರು ತೀರಿಕೊಂಡ ತಿಂಗಳಲ್ಲಿ, ನನಗೆ ಫೋನು ಮಾಡುತ್ತಾನೆ. ಈ ವರ್ಷವೂ ಮಾಡಿದ್ದ. ಆ ಹಳ್ಳಿಯ ಆಸ್ಪತ್ರೆ ಹೇಗಿದೆ ಎಂದು ಕೇಳಿದೆ. ಇದೆ ಎಂದ. ಅಲ್ಲಿ ಈಗಲೂ ಹೆರಿಗೆಗಳಾಗುತ್ತವೆ. ಸಿಸೇರಿಯನ್ ಆಗುವುದಿಲ್ಲ.